ನುಚ್ಯಾನ ಬಣ್ಣ

ಅಗಸಿ ಎಂದರೆ ನಮ್ಮ ಕಡೆ ಊರ ಬಾಗಿಲು.
ಅಗಸಿ ಎಂದರೆ ಹಿಂಡಿ ಕೂಡ,
ರೊಟ್ಟಿಯ ಮಗ್ಗುಲಿಗೆ ಒಂದು ಚಿಟಿಕೆ.
ಬೆಟಗೇರಿಯಲ್ಲಿ ನನಗೊಬ್ಬಳಿಗೇ ಇರಬೇಕು
ಅದು ಮೊದಲು ಮೂಗಿಗೆ ಬರುವುದು:
ಬಾಟಲಿಯ ಬಾಯಲ್ಲಿ ಹಳದಿ ಅಂಟು, ಟರ್ಪೆಂಟೈನಿನ ಘಾಟು,
ತೊಳೆದಷ್ಟೂ ಉಗುರ ಸಂದಿಯಲ್ಲಿ ಉಳಿಯುವ ಹಸಿರು.

ಹಿತ್ತಲಿನ ದಾಸವಾಳ ಬೆಳಗ್ಗೆ ಎಂಟಕ್ಕೆ ಎದುರು ಕೂತರೆ
ಸಂಜೆಗೆ ಛತ್ರಿಯಂತೆ ಮಡಚಿಕೊಳ್ಳುತ್ತದೆ.
ಬಣ್ಣ ಆರಲು ಐದು ದಿನ ಬೇಕು, ಮೋಡವಿದ್ದರೆ ಎಂಟು.
ಹೂವಿಗೆ ಅಷ್ಟು ಪುರುಸೊತ್ತಿಲ್ಲ.
ನಾಳೆ ಅದರ ತಂಗಿ ಅರಳುತ್ತಾಳೆ, ನಾಡಿದ್ದು ಅವಳ ತಂಗಿ.
ಒಬ್ಬಳ ದಳ, ಒಬ್ಬಳ ಕೇಸರ, ಒಬ್ಬಳ ಕೊರಳಿನ ಕಡುಗೆಂಪು.
ಕ್ಯಾನ್ವಾಸಿನ ಮೇಲಿನ ಒಂದು ಹೂ
ಲೆಕ್ಕಕ್ಕೆ ಏಳು ಮಂದಿ.
ಕೊಂಡವರಿಗೆ ಇದನ್ನು ಹೇಳುವುದಿಲ್ಲ.

ಹೂವಿಗಾಗಿ ಯಾರೂ ಜಗಳಕ್ಕೆ ಬರುವುದಿಲ್ಲ.
ಸಾಕಿದ ಪ್ರಾಣಿಯದು ಹಾಗಲ್ಲ.
ವಕೀಲರ ಮನೆಯ ಬೆಕ್ಕಿಗೆ ಮೀಸೆ ಎರಡು ಕಡಿಮೆಯೆಂದು
ಮೂರು ಸಲ ತಿರುಗಿ ಬಂತು ಚಿತ್ರ.
ಹಾತಲಗೇರಿ ನಾಕಾದ ಟೇಲರನ ಗಿಳಿ
ಸತ್ತದ್ದಲ್ಲ, ಹಾರಿ ಹೋದದ್ದು.
‘ಪಂಜರ ಮಾತ್ರ ಬ್ಯಾಡ್ರಿ’ ಅಂದ, ಅಳತೆಯ ಟೇಪು ಕೊರಳಲ್ಲೇ.

ಶ್ರಾವಣದ ಒಂದು ಜಿಟಿಜಿಟಿ ಮಧ್ಯಾಹ್ನ
ಗಿರಣಿಯ ಫಕ್ಕೀರಪ್ಪ, ಹುಬ್ಬಿನ ಮೇಲೂ ಹಿಟ್ಟು,
ಹಿಂದೆ ಶಿವಗಂಗವ್ವ, ಅವಳ ಹಿಂದೆ ಮಗಳು ಕಸ್ತೂರಿ.
ಮೊಬೈಲಿನಲ್ಲಿ ಹನ್ನೆರಡು ಫೋಟೋ:
ಒಂದರಲ್ಲಿ ಬಾಲ, ಒಂದರಲ್ಲಿ ಚೀಲಗಳ ಹಿಂದೆ ಎರಡು ಕಿವಿ,
ಒಂದರಲ್ಲಿ ಬರಿಯ ಅಲ್ಲಾಡಿದ ಮಬ್ಬು.
‘ಇದ ಅವನ ನಗಿ ನೋಡ್ರಿ ಅಕ್ಕಾರ.’
ಹೆಸರು ನುಚ್ಯಾ. ಹೋಗಿ ಹನ್ನೊಂದು ದಿನ.

ಬಣ್ಣ ಯಾವುದಿತ್ತು? ಕೇಳಿದೆ.
‘ಬಿಳೇದರೀ, ಹತ್ತಿಗತೆ.’
‘ಎಲ್ಲೀ ಹತ್ತಿ? ಬೆಲ್ಲದ ಬಣ್ಣ. ಮೈ ತೊಳದಾಕಿ ನಾನು.’
ಕಸ್ತೂರಿ ಇಬ್ಬರನ್ನೂ ನೋಡಿ, ನನ್ನ ಕಡೆ ಬಾಗಿ:
‘ಮಳಿ ಬಂದಾಗ ಚಾದ ಬಣ್ಣ ಆಗತಿದ್ದ.
ಹಾಲು ಕಡಿಮಿ ಹಾಕಿದ್ದು.’

ಒಂಬತ್ತು ವರ್ಷ ಜೋಳ, ಗೋದಿ, ಕಡಲೆ ಬೀಸುವ
ಕಲ್ಲಿನ ಬುಡದಲ್ಲಿ ಮಲಗಿದ ನಾಯಿ.
ಅದರ ಮೈ ಯಾವುದು,
ಮೇಲೆ ಕೂತ ಊರಿನ ಹಿಟ್ಟು ಯಾವುದು?

ಮೊದಲು ಬೆಲ್ಲ ಬಳಿದೆ.
ಅದು ಆರುವ ತನಕ ದಾಸವಾಳದ ಕಡೆ ಹೋದೆ,
ನಾಲ್ಕನೆಯವಳ ನೆರಳು ಬಾಕಿಯಿತ್ತು.
ಬಂದು ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಚಾ.
ಆರಲಿಲ್ಲ. ಕಾದೆ.
ಕಡೆಗೆ ಒಣ ಕುಂಚಕ್ಕೆ ಬಿಳಿ ಸವರಿ, ಚಿಂದಿಗೆ ಒರೆಸಿ,
ಒರೆಸಿಯೂ ಉಳಿದದ್ದನ್ನು ಬೆನ್ನಿನ ಮೇಲೆ ತೇಲಿಸಿದೆ,
ಊದಿದರೆ ಹಾರುವ ಹಾಗೆ.
ಕಣ್ಣು ಮಾತ್ರ ಯಾವ ಫೋಟೋದಲ್ಲೂ ಇರಲಿಲ್ಲ.
ನಮ್ಮ ಓಣಿಯ ನಾಯಿಯದು ಕಡ ತಂದೆ.
ಇದನ್ನೂ ಹೇಳಲಿಲ್ಲ.

ನೋಡಲು ಬಂದ ದಿನ ಮೊದಲಿಗೆ ಯಾರೂ ಮಾತಾಡಲಿಲ್ಲ.
ಶಿವಗಂಗವ್ವ ಬಗ್ಗಿ, ಬಿಳಿಯ ಅಡಿಗಿನ ಬೆಲ್ಲ ಕಂಡು
‘ಹೂಂ’ ಅಂದಳು, ಗೆದ್ದವರ ಹಾಗೆ.
ಫಕ್ಕೀರಪ್ಪ ಗಿರಣಿ ನಿಲ್ಲಿಸಿ ನೇರ ಬಂದಿದ್ದ.
ಕೈ ಚಾಚಿ ಎಡಗಿವಿಯ ಬುಡದಲ್ಲಿ,
ದಿನಾ ಕೆರೆಯುತ್ತಿದ್ದ ಜಾಗವೇ ಇರಬೇಕು,
ಹೆಬ್ಬೆರಳು ಇಟ್ಟ.
‘ಹಸಿ ಐತ್ರಿ, ಮುಟ್ಟಬ್ಯಾಡ್ರಿ’ ಅನ್ನುವಷ್ಟರಲ್ಲಿ
ಬೆರಳಿನ ಜೋಳದ ಹಿಟ್ಟು
ಅಗಸಿ ಎಣ್ಣೆಗೆ ಅಂಟಿ ಕೂತಿತ್ತು.
‘ಕೆಡಿಸಿದ್ನೇನ್ರಿ?’

ಕೆರೆದು ತೆಗೆಯಲು ಚಾಕು ಎತ್ತಿಕೊಂಡೆ. ಕೆಳಗಿಟ್ಟೆ.
ನನ್ನ ಬಿಳಿಯ ಪಕ್ಕ ಆ ಬಿಳಿ
ತುಸು ಹಳದಿ.

‘ಇರವಿ ಹತ್ತಿದರ ಏನ್ ಮಾಡೂದು?’
ಕಸ್ತೂರಿ ಕೇಳಿದಳು.
‘ಊದು’ ಅಂದೆ.